ಕಿರಿದಾದ ಖಂಡ

ಸಾವಿರಾರು ಮೈಲಿಗಳ ನಾಡು ಭೂಪಟದಲ್ಲಿ ಅಂಗೈಯಗಲಕ್ಕೆ ಇಳಿಯುವುದನ್ನು ಎಲ್ಲರೂ ಬಲ್ಲರು. ಆದರೆ ಆ ಭೂಪಟದೊಳಗೇ ಲಾರಿ ನಡೆಸಬೇಕಾದರೆ? ಜೆಕ್ ದೇಶದ ಎಸ್‌ಸಿಎಸ್ ಸಾಫ್ಟ್‌ವೇರ್ ಸಂಸ್ಥೆ 2012ರಲ್ಲಿ ಹೊರತಂದ ‘ಯುರೋ ಟ್ರಕ್ ಸಿಮ್ಯುಲೇಟರ್ 2’ ಎಂಬ ವಿಡಿಯೊ ಆಟದಲ್ಲಿ ಯುರೋಪಿನ ಬಹುಭಾಗವನ್ನು 19ರಲ್ಲಿ 1 ಪಾಲಿಗೆ ಕುಗ್ಗಿಸಲಾಗಿದೆ. ಖಂಡವನ್ನು ಇದ್ದಷ್ಟೇ ಉದ್ದಕ್ಕೆ ಹರಡಿದ್ದರೆ ರಚಿಸುವವರ ಶ್ರಮಕ್ಕೆ ಕೊನೆಯಿರುತ್ತಿರಲಿಲ್ಲ. ಆಡುವವನ ತಾಳ್ಮೆಯೂ ಉಳಿಯುತ್ತಿರಲಿಲ್ಲ.

ದಾರಿಯನ್ನು ಮಾತ್ರ ಕುಗ್ಗಿಸಿದರೆ ಲೆಕ್ಕ ತಪ್ಪುತ್ತದೆ. 570 ಕಿಲೋಮೀಟರ್ ದೂರವು ಆಟದಲ್ಲಿ 30 ಕಿಲೋಮೀಟರ್ ಆಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಲಾರಿ ಅದನ್ನು ಅರ್ಧ ಗಂಟೆಯಲ್ಲಿ ದಾಟಿಬಿಡುತ್ತದೆ. ಆದುದರಿಂದ ಹೆದ್ದಾರಿಯಲ್ಲಿ ಆಟದ ಗಡಿಯಾರವೂ 19 ಪಟ್ಟು ಬೇಗ ಓಡುತ್ತದೆ. ಆಡುವವನ ಅರ್ಧ ಗಂಟೆ ಚಾಲಕನಿಗೆ ಒಂಬತ್ತೂವರೆ ಗಂಟೆ, ಲೆಕ್ಕ ಸರಿಹೋಯಿತು! ಬೆಳಗ್ಗೆ ಹೊರಟವನು ಸಂಜೆಗೆ ಸೇರುತ್ತಾನೆ. ದಣಿದು ತೂಕಡಿಸುವುದೂ ಉಂಟು. ರಂಗಸ್ಥಳವನ್ನು ಒಂದು ಸುತ್ತು ಬಂದು ದೂರದ ರಾಜ್ಯವನ್ನು ಸೇರುವ ಯಕ್ಷಗಾನದ ವೇಷಧಾರಿಗೆ ಈ ಉಪಾಯ ಹೊಸದೆನಿಸಲಾರದು.

ನಗರಗಳನ್ನು ಇಷ್ಟು ಕುಗ್ಗಿಸಲಾಗದು. ಲಾರಿಯ ಗಾತ್ರವೂ ರಸ್ತೆಯ ಅಗಲವೂ ಕುಗ್ಗಿಲ್ಲವಷ್ಟೆ; ಬೀದಿಗಳ ಉದ್ದವನ್ನು 19ರಿಂದ ಭಾಗಿಸಿದರೆ ವಾಹನ ತಿರುಗಲು ಎಡೆಯೆಲ್ಲಿ? ಅಲ್ಲಿ ಪ್ರಮಾಣ 3ರಲ್ಲಿ 1. ಗಡಿಯಾರವೂ ಅದಕ್ಕೆ ತಕ್ಕಂತೆ ನಿಧಾನಿಸುತ್ತದೆ. ಆದರೆ ಅಂತಹ ಬೀದಿಗಳಿಗೆ ಕಿರಿದಾದ ಖಂಡದಲ್ಲಿ ಜಾಗ ಸಾಲದು. ಹೀಗಾಗಿ ಬರ್ಲಿನ್ನಿನಂತಹ ಮಹಾನಗರವೂ ಕೆಲವೇ ಬೀದಿಗಳಾಗಿ ಉಳಿದಿದೆ. ನಡುವಣ ಅಸಂಖ್ಯ ಹಳ್ಳಿಗಳಿಗೆ ಆ ಭಾಗ್ಯವೂ ಇಲ್ಲ. ಅಂತಹ ಹಳ್ಳಿಯಲ್ಲಿ ಹುಟ್ಟಿದವನು ಈ ಆಟವಾಡಿದರೆ, ತನ್ನೂರಿನ ತಿರುವನ್ನು ಹುಡುಕುತ್ತಿರುವಂತೆಯೇ ಮುಂದಿನ ನಗರವನ್ನು ಸೇರಿಬಿಟ್ಟಿರುತ್ತಾನೆ.