ತರಕಾರಿ ಹೆಚ್ಚಿಸಿದಾಗ ಕಾಡುವ ಹೊಟ್ಟೆಯ ವಾಯು

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ಭಾಗಗಳಲ್ಲಿ ಮುಂಗಾರು ಭತ್ತದ ಕಟಾವು ಮುಗಿಯುತ್ತಿದ್ದಂತೆ ಗದ್ದೆಗಳ ರೂಪ ಬದಲಾಗುತ್ತದೆ. ಮಣ್ಣಿನಲ್ಲಿ ಉಳಿದ ತೇವದ ಮೇಲೆ ಉದ್ದು, ಹುರುಳಿ, ಅಲಸಂಡೆ ಬಿತ್ತುತ್ತಾರೆ. ನೀರಿನ ಅನುಕೂಲವಿರುವಲ್ಲಿ ಹರಿವೆ, ಮೂಲಂಗಿ, ಸೌತೆ, ಬದನೆಗಳ ಸಾಲು ಏಳುತ್ತದೆ. ಕೆಲವೇ ವಾರಗಳಲ್ಲಿ ಮಾರಿ ಮಿಕ್ಕ ತರಕಾರಿ ಅಡುಗೆಮನೆಗೆ ರಾಶಿಯಾಗಿ ಬರುತ್ತದೆ. ಮಳೆಗಾಲವಿಡೀ ಗಂಜಿ, ಉಪ್ಪಿನಕಾಯಿ, ಒಣಮೀನಿಗೆ ಒಗ್ಗಿಕೊಂಡಿದ್ದ ಹೊಟ್ಟೆಗೆ ಇದು ಒಮ್ಮೆಲೇ ಬಂದ ಬದಲಾವಣೆ. ಹೊಟ್ಟೆ ಉಬ್ಬರ, ಗುಡುಗುಡು ಸದ್ದು, ಪದೇ ಪದೇ ವಾಯು ಹೋಗುವುದು ಆಗ ಶುರುವಾಗುತ್ತದೆ.

ಸಕ್ಕರೆ ಕಾಯಿಲೆ ಅಥವಾ ರಕ್ತದ ಒತ್ತಡ ಇರುವವರಿಗೆ ವೈದ್ಯರು ಅನ್ನ ಕಡಿಮೆ ಮಾಡಿ ತರಕಾರಿ ಹೆಚ್ಚಿಸಲು ಹೇಳಿದಾಗಲೂ ಇದೇ ಅನುಭವವಾಗುತ್ತದೆ. ಎಂಟು ದಿನ ತಿಂದು, ‘ತರಕಾರಿ ಮೈಗೆ ಆಗುವುದಿಲ್ಲ, ಬರೀ ವಾಯು’ ಎಂದು ಹಿಂದಿನ ಊಟಕ್ಕೇ ಮರಳುವವರು ಬಹಳ. ಹೊಟ್ಟೆಯ ಕಿರಿಕಿರಿಗಿಂತ ಈ ಮರಳುವಿಕೆಯಿಂದ ಆಗುವ ನಷ್ಟವೇ ದೊಡ್ಡದು.

ವಾಯು ಉಂಟಾಗುವ ಬಗೆ

ಅನ್ನದ ಪಿಷ್ಟದ ಹೆಚ್ಚಿನ ಭಾಗ ಸಣ್ಣ ಕರುಳಿನಲ್ಲೇ ಜೀರ್ಣವಾಗಿ ರಕ್ತಕ್ಕೆ ಸೇರುತ್ತದೆ. ತರಕಾರಿಯ ನಾರು ಹಾಗಲ್ಲ. ಕಾಳುಗಳಲ್ಲಿರುವ ರ್‍ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವವೂ ಮನುಷ್ಯನ ಸಣ್ಣ ಕರುಳಿನಲ್ಲಿಲ್ಲ. ಇವೆಲ್ಲ ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿ ವಾಸವಾಗಿರುವ ಬ್ಯಾಕ್ಟೀರಿಯಾಗಳು ಇವನ್ನು ಹುದುಗಿಸುತ್ತವೆ. ದೋಸೆ ಹಿಟ್ಟು ರಾತ್ರಿ ಉಬ್ಬುವಂತೆಯೇ ಇಲ್ಲಿಯೂ ಅನಿಲ ಹುಟ್ಟುತ್ತದೆ: ಜಲಜನಕ, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್. ಈ ಮೂರಕ್ಕೂ ವಾಸನೆಯಿಲ್ಲ. ದುರ್ವಾಸನೆ ಬರುವುದು ಅತ್ಯಲ್ಪ ಪ್ರಮಾಣದ ಗಂಧಕದ ಅನಿಲಗಳಿಂದ. ಘಟ್ಟದ ಮೇಲಿನಿಂದ ಬರುವ ಎಲೆಕೋಸು, ಹೂಕೋಸುಗಳಲ್ಲಿಯೂ, ಮೂಲಂಗಿ, ನೀರುಳ್ಳಿಗಳಲ್ಲಿಯೂ ಗಂಧಕದ ಅಂಶ ಹೆಚ್ಚು.

ಹುದುಗುವಾಗ ಅನಿಲದ ಜೊತೆಗೆ ಬ್ಯುಟಿರಿಕ್ ಆಮ್ಲದಂಥ ವಸ್ತುಗಳೂ ಉತ್ಪತ್ತಿಯಾಗುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಇದೇ ಆಹಾರ. ಹೀಗಾಗಿ ಸ್ವಲ್ಪ ವಾಯು ರೋಗವಲ್ಲ. ಆರೋಗ್ಯವಂತನಿಗೂ ದಿನಕ್ಕೆ 10ರಿಂದ 20 ಸಲ ವಾಯು ಹೋಗುವುದು ಸಹಜ. ನಾಲ್ಕು ಜನರ ನಡುವೆ ಕೂತಾಗ ಸಂಕೋಚಪಟ್ಟು ತಡೆಹಿಡಿದರೆ ನೋವು ಹೆಚ್ಚುತ್ತದೆಯೇ ಹೊರತು ವಾಯು ಎಲ್ಲಿಗೂ ಹೋಗದು.

ತಪ್ಪು ಯಾರದು?

ತಿಂದ ಆಹಾರ ದೊಡ್ಡ ಕರುಳನ್ನು ಮುಟ್ಟಲು ಹಲವು ಗಂಟೆ ಬೇಕು. ಮಧ್ಯಾಹ್ನ ತಿಂದ ಹುರುಳಿಯ ವಾಯು ರಾತ್ರಿ ಕಾಣಿಸುತ್ತದೆ, ದೂರು ಮಾತ್ರ ರಾತ್ರಿಯ ಮಜ್ಜಿಗೆಯ ಮೇಲೆ ಬೀಳುತ್ತದೆ. ಕರಾವಳಿಯ ಅಡುಗೆಯಲ್ಲಿ ಇನ್ನೂ ಒಂದು ತೊಡಕಿದೆ. ಇಲ್ಲಿ ಸೊಪ್ಪಿಗೆ ಯಾವಾಗಲೂ ಒಬ್ಬ ಜೊತೆಗಾರ ಇರುತ್ತಾನೆ. ಹರಿವೆಗೆ, ಬಸಳೆಗೆ ಹಲಸಿನ ಬೀಜ. ಸೌತೆಕಾಯಿ ಹುಳಿಗೆ ತೊಗರಿಬೇಳೆ. ಎಲ್ಲಕ್ಕೂ ಬೆಳ್ಳುಳ್ಳಿ ಒಗ್ಗರಣೆ. ಬಸಳೆ ತಿಂದು ಹೊಟ್ಟೆ ಉಬ್ಬಿತು ಎನ್ನುವವರು ಮುಂದಿನ ಸಲ ಹಲಸಿನ ಬೀಜವಿಲ್ಲದೆ ಬಸಳೆ ಮಾಡಿ ನೋಡುವುದು ಒಳ್ಳೆಯದು. ಅನೇಕ ಬಾರಿ ಬಸಳೆ ನಿರಪರಾಧಿಯಾಗಿರುತ್ತದೆ. ಒಂದೆರಡು ವಾರ ಏನು ತಿಂದದ್ದು, ಯಾವಾಗ ತೊಂದರೆಯಾದದ್ದು ಎಂದು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟರೆ ಕಾರಣ ಸಿಗುತ್ತದೆ. ಹಾಲು ಕುಡಿದಾಗಲೆಲ್ಲ ಹೊಟ್ಟೆ ಉಬ್ಬಿದರೆ ಹಾಲಿನ ಸಕ್ಕರೆ ಜೀರ್ಣವಾಗುತ್ತಿಲ್ಲವೆಂದು ಸಂಶಯಪಡಬಹುದು; ಅಂಥವರಲ್ಲಿ ಅನೇಕರಿಗೆ ಮೊಸರು ಒಗ್ಗುತ್ತದೆ.

ಸಾಮಾನ್ಯವಾಗಿ ಸೌತೆ, ಹೀರೆ, ಪಡುವಲ, ತೊಂಡೆ, ಬದನೆ, ಹರಿವೆ, ಬಸಳೆಗಳಿಂದ ವಾಯು ಕಡಿಮೆ. ಕಾಳುಗಳು, ಎಲೆಕೋಸು, ಗೆಣಸು, ಹಲಸಿನ ಬೀಜ, ಬಾಳೆಕಾಯಿ, ನೀರುಳ್ಳಿ, ಬೆಳ್ಳುಳ್ಳಿಗಳಿಂದ ಹೆಚ್ಚು. ಆದರೆ ಒಬ್ಬರ ಹೊಟ್ಟೆಯಂತೆ ಇನ್ನೊಬ್ಬರದಿಲ್ಲ.

ನಿಧಾನವಾಗಿ ಹೆಚ್ಚಿಸುವುದು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯಲ್ಲಿ, ಸೊಪ್ಪೂ ಸೇರಿ ದಿನಕ್ಕೆ 400 ಗ್ರಾಂ ತರಕಾರಿಯನ್ನು ಹೇಳಲಾಗಿದೆ. ಈಗ 150 ಗ್ರಾಂ ತಿನ್ನುವವರು ನಾಳೆಯೇ 400 ಗ್ರಾಮಿಗೆ ಏರಿದರೆ ಕರುಳು ಪ್ರತಿಭಟಿಸದೆ ಇರದು. ವಾರಕ್ಕೆ 50 ಗ್ರಾಂ, ಅಂದರೆ ಸುಮಾರು ಒಂದು ಸಣ್ಣ ಸೌಟು ಪಲ್ಯದಂತೆ ಹೆಚ್ಚಿಸಿದರೆ ಐದು ವಾರಗಳಲ್ಲಿ ಅಲ್ಲಿಗೆ ತಲುಪಬಹುದು. ಅಷ್ಟರಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಬಳಗವೂ ಹೊಸ ಆಹಾರಕ್ಕೆ ಹೊಂದಿಕೊಳ್ಳುತ್ತದೆ. ಮೊದಲ ವಾರದ ಉಬ್ಬರ ಮೂರನೆಯ, ನಾಲ್ಕನೆಯ ವಾರದ ಹೊತ್ತಿಗೆ ಬಹಳ ಮಂದಿಯಲ್ಲಿ ತಾನಾಗಿ ಇಳಿಯುತ್ತದೆ. ಮೊದಲು ಬೇಯಿಸಿದ ಸೌತೆ, ಹೀರೆಯಂಥವು, ಆಮೇಲೆ ಸೊಪ್ಪು, ಕೊನೆಗೆ ಕಾಳು ಮತ್ತು ಹಸಿ ತರಕಾರಿ ಎಂಬ ಕ್ರಮ ಅನುಕೂಲಕರ. ನಾರು ಹೆಚ್ಚಿದಂತೆ ನೀರೂ ಹೆಚ್ಚಬೇಕು. ಇಲ್ಲವಾದರೆ ಮಲಬದ್ಧತೆಯಾಗಿ ವಾಯು ಒಳಗೇ ನಿಲ್ಲುತ್ತದೆ.

ಕೃಷಿ ವಿಜ್ಞಾನ ಕೇಂದ್ರಗಳು ಪೌಷ್ಟಿಕ ಕೈತೋಟಕ್ಕೆ ಪ್ರೋತ್ಸಾಹ ನೀಡುತ್ತವೆ. ಈ ಭಾಗದ ಕೇಂದ್ರ ಬ್ರಹ್ಮಾವರದಲ್ಲಿದೆ. ಹಿತ್ತಿಲಲ್ಲಿ ಎಲ್ಲ ಬೀಜವನ್ನೂ ಒಂದೇ ದಿನ ಹಾಕದೆ ಹದಿನೈದು ದಿನಗಳ ಅಂತರದಲ್ಲಿ ಹಾಕಿದರೆ, ಒಂದು ತಿಂಗಳು ಹರಿವೆಯ ಹಬ್ಬ, ಮುಂದಿನ ತಿಂಗಳು ಬರಗಾಲ ಎಂಬಂತಾಗದು. ಹೊಟ್ಟೆಗೂ ಇದೇ ಹಿತ.

ಕಾಳು ಬೇಯಿಸುವಲ್ಲಿ ಎಚ್ಚರ

ವಾಯು ಉಂಟುಮಾಡುವ ಸಕ್ಕರೆಗಳು ನೀರಿನಲ್ಲಿ ಕರಗುತ್ತವೆ. ಹುರುಳಿ, ಅಲಸಂಡೆಗಳನ್ನು ಮೂರು ನಾಲ್ಕು ಪಟ್ಟು ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಆ ನೀರನ್ನು ಚೆಲ್ಲಿ, ಮತ್ತೆ ತೊಳೆದು ಹೊಸ ನೀರಿನಲ್ಲಿ ಬೇಯಿಸಬೇಕು. ನೆನೆಸಿದ ನೀರಿನಲ್ಲೇ ಬೇಯಿಸಿ ಅದರ ಕಟ್ಟನ್ನು ಸಾರಿಗೆ ಬಳಸಿದರೆ, ಕರಗಿದ್ದೆಲ್ಲ ಸಾರಿನ ಮೂಲಕ ತಟ್ಟೆಗೆ ಮರಳುತ್ತದೆ. ಹೊಸ ನೀರಿನ ಕಟ್ಟಿನಲ್ಲಿಯೂ ಸ್ವಲ್ಪ ಇದ್ದೇ ಇರುತ್ತದೆ. ಬಹಳ ತೊಂದರೆಯಿರುವವರು ಕೆಲವು ದಿನ ಹುರುಳಿ ಸಾರನ್ನು ಬಿಟ್ಟು ಬೆಂದ ಕಾಳನ್ನು ಸ್ವಲ್ಪವಾಗಿ ತಿನ್ನಬಹುದು. ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ಮೊಳೆಯುವಾಗ ಕಾಳು ಈ ಸಕ್ಕರೆಗಳನ್ನು ತಾನೇ ಬಳಸಿಕೊಳ್ಳುತ್ತದೆ. ಮೊಳಕೆ ಕಾಳನ್ನು ಬೇಯಿಸಿಯೇ ತಿನ್ನತಕ್ಕದ್ದು. ಉದ್ದಿನ ದೋಸೆ, ಕೊಟ್ಟೆ ಕಡುಬುಗಳಲ್ಲಿ ಹಿಟ್ಟು ರಾತ್ರಿಯಿಡೀ ಹುದುಗುವಾಗ ಇದೇ ಕೆಲಸದ ಒಂದು ಭಾಗ ಪಾತ್ರೆಯಲ್ಲೇ ಮುಗಿದಿರುತ್ತದೆ.

ಬೇಗ ಬೇಯಲೆಂದು ಅಡುಗೆ ಸೋಡ ಹಾಕುವುದು ಸರಿಯಲ್ಲ. ಸೋಡದಿಂದ ಬಿ-1 ಜೀವಸತ್ತ್ವ ನಾಶವಾಗುತ್ತದೆ, ರಕ್ತದ ಒತ್ತಡವಿರುವವರಿಗೆ ಬೇಡದ ಸೋಡಿಯಂ ಸೇರುತ್ತದೆ. ಬೆಳ್ಳುಳ್ಳಿ ಒಗ್ಗದವರು ಅದನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು ತೆಗೆದುಹಾಕಿ ಎಣ್ಣೆಯನ್ನಷ್ಟೇ ಒಗ್ಗರಣೆಗೆ ಬಳಸಬಹುದು. ತೊಂದರೆ ಕೊಡುವ ಅಂಶ ಎಣ್ಣೆಗೆ ಇಳಿಯುವುದಿಲ್ಲ. ಇಂಗು, ಓಮ, ಶುಂಠಿ, ಜೀರಿಗೆ ಕಷಾಯದಿಂದ ಅನೇಕರಿಗೆ ಹಿತವೆನಿಸುತ್ತದೆ. ಆದರೆ ನೆನೆಸದೆ ಬೇಯಿಸಿದ ಹುರುಳಿಯನ್ನು ಒಂದು ಚಿಟಿಕೆ ಇಂಗು ಸರಿಪಡಿಸೀತೆಂದು ನಂಬಬಾರದು. ಅವಸರದಲ್ಲಿ ಉಂಡರೆ, ಬೀಡಿ ಸೇದಿದರೆ ಹೊಟ್ಟೆಗೆ ಗಾಳಿಯೂ ಸೇರುತ್ತದೆ. ಊಟವಾದ ಕೂಡಲೇ ಬಗ್ಗಿ ಮಾಡುವ ಕೆಲಸಕ್ಕಿಂತ ಹತ್ತು ನಿಮಿಷ ತೋಟ ಸುತ್ತುವುದು ಲೇಸು.

ವಾಯು ಅಲ್ಲದ ನೋವು

ತೂಕ ಇಳಿಯುವುದು, ಮಲದಲ್ಲಿ ರಕ್ತ, ಜ್ವರ, ನಿಲ್ಲದ ವಾಂತಿ, ನಿದ್ದೆಯಿಂದ ಎಬ್ಬಿಸುವ ನೋವು, ಐವತ್ತು ದಾಟಿದವರಲ್ಲಿ ಮಲವಿಸರ್ಜನೆಯ ಕ್ರಮ ಹೊಸದಾಗಿ ಬದಲಾಗುವುದು, ಇವು ಯಾವುವೂ ತರಕಾರಿಯ ಫಲವಲ್ಲ. ಇಂಥವರು ವೈದ್ಯರನ್ನು ಕಾಣಬೇಕು. ಮಲವೂ ಇಲ್ಲದೆ, ವಾಯುವೂ ಹೋಗದೆ ಹೊಟ್ಟೆ ಬಿಗಿದು ವಾಂತಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗುವುದು ಅಗತ್ಯ.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಎದೆನೋವನ್ನು ‘ಗ್ಯಾಸ್’ ಎಂದು ತಳ್ಳಿಹಾಕುವುದು. ಎದೆಯ ನಡುವೆ ಒತ್ತಿದಂತೆ, ಹಿಂಡಿದಂತೆ ನೋವು. ಅದು ತೋಳಿಗೆ, ದವಡೆಗೆ, ಬೆನ್ನಿಗೆ ಹರಡುವುದು. ತಣ್ಣನೆ ಬೆವರು, ಉಬ್ಬಸ, ಇವು ಹೃದಯಾಘಾತದ ಲಕ್ಷಣಗಳು. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಎದೆನೋವು ಅಷ್ಟಾಗಿ ಇಲ್ಲದೆ ಹೊಟ್ಟೆಯ ಮೇಲ್ಭಾಗದ ಸಂಕಟ, ಸುಸ್ತು, ಉಬ್ಬಸ ಮಾತ್ರ ಕಾಣಿಸಬಹುದು. ಆಗ ಸೋಡ ಕುಡಿಸುವುದು, ಶುಂಠಿ ಕಷಾಯ ಕಾಯಿಸುವುದು, ಬೆಳಗಾಗಲೆಂದು ಕಾಯುವುದು ಎಲ್ಲವೂ ಅಮೂಲ್ಯ ಸಮಯವನ್ನು ಕಳೆಯುತ್ತವೆ. ರೋಗಿಯನ್ನು ನಡೆಸದೆ, ಬೈಕಿನಲ್ಲಿ ಕೂರಿಸದೆ, 108ಕ್ಕೆ ಕರೆ ಮಾಡಿ ಇ.ಸಿ.ಜಿ. ಸೌಲಭ್ಯವಿರುವ ಹತ್ತಿರದ ಆಸ್ಪತ್ರೆಗೆ ಕೂಡಲೇ ಸಾಗಿಸಬೇಕು.