ಡಬ್ಬಿಗಳೆಲ್ಲ ಡಾಕ್ಟರ ಮೇಜಿಗೆ

ಅವ್ವನಿಗೆ ಕೀಮೋ ಶುರುವಾದದ್ದೇ ತಡ, ಲೊಕ್ಕನಹಳ್ಳಿಯ ನಮ್ಮ ಮನೆಗೆ ಬಂದ ನೆಂಟರೆಲ್ಲ ಒಂದೊಂದು ಡಬ್ಬಿ ತಂದಿಟ್ಟರು. ವಿಟಮಿನ್ ಸಿ, ಇ, ಜಿಂಕ್. "ಇದ್ನ ನುಂಗುದ್ರೆ ಸಕ್ತಿ ಬತ್ತದಂತೆ ಕಣಪ್ಪ" ಅಂದಳು ಅವ್ವ. ಕೊಟ್ಟವರ ಪ್ರೀತಿಯ ಮೇಲೆ ನನಗೆ ಅನುಮಾನವಿಲ್ಲ. ಡಬ್ಬಿಯ ಮೇಲಿನ 'ಇಮ್ಯೂನಿಟಿ ಬೂಸ್ಟರ್' ಎಂಬ ಮಾತಿನ ಮೇಲಿದೆ.

ಕೀಮೋ ಔಷಧ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನೆಲ್ಲ ಹೊಡೆಯುತ್ತದೆ. ಮೂಳೆಮಜ್ಜೆಯಲ್ಲಿ ಹುಟ್ಟುವ, ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳೂ ಆಗ ಕುಗ್ಗುತ್ತವೆ. ಅವನ್ನು ಮೇಲೆತ್ತಲು ಬೇಕಾದಾಗ ವೈದ್ಯರು ಕೊಡುವುದು ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್, ವಿಟಮಿನ್ ಮಾತ್ರೆಯಲ್ಲ. ಕೆಲವು ಮಾತ್ರೆಯಂತೂ ಎಡವಟ್ಟೇ ಮಾಡುತ್ತವೆ. ಬಸುರಿಯರಿಗೆ ಕೊಡುವ ಸಾಧು ಫೋಲಿಕ್ ಆಸಿಡ್, ಕ್ಯಾಪೆಸಿಟಬೀನ್ ಎಂಬ ಕೀಮೋ ಮಾತ್ರೆಯ ಜೊತೆ ಸೇರಿದರೆ ಭೇದಿ, ಬಾಯಿಹುಣ್ಣು ಜೋರಾಗಬಹುದು. ಬೋರ್ಟೆಜೊಮಿಬ್ ಎಂಬ ಕ್ಯಾನ್ಸರ್ ಔಷಧದ ಕೆಲಸಕ್ಕೆ ವಿಟಮಿನ್ ಸಿ ಅಡ್ಡಬರಬಹುದು. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ ಗಂಡಸರಿಗೆ ಬೀಟಾ ಕೆರೋಟಿನ್ ಕೊಟ್ಟು ನೋಡಿದರು. ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚೇ ಕಂಡಿತೆಂದು 1994ರ ವರದಿ.

ರಕ್ತ ಪರೀಕ್ಷೆಯಲ್ಲಿ ಕಬ್ಬಿಣಾಂಶ, ಬಿ12, ಡಿ ಕಮ್ಮಿಯಿದ್ದರೆ ಮಾತು ಬೇರೆ. ಅದನ್ನು ವೈದ್ಯರೇ ಬರೆದುಕೊಡುತ್ತಾರೆ. ಅದಕ್ಕೇ ಡಬ್ಬಿಗಳನ್ನೆಲ್ಲ ಕೈಚೀಲಕ್ಕೆ ತುಂಬಿ ಅವರ ಮೇಜಿನ ಮೇಲೇ ಸುರಿದೆ. ಹೆಚ್ಚಿನವು ಅಲ್ಲೇ ಪಕ್ಕಕ್ಕೆ ಸರಿದವು.

ಬಾಯಿಹುಣ್ಣಿಗೆ ಮುದ್ದೆ ಇಳಿಯದು. ತೆಳ್ಳಗೆ ರಾಗಿ ಗಂಜಿ, ಚೆನ್ನಾಗಿ ಬೇಯಿಸಿದ ಮೊಟ್ಟೆ, ಮೆತ್ತಗೆ ಬೆಂದ ಬೇಳೆ ಕೊಡುತ್ತೇವೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮನೆಯಲ್ಲೀಗ ಥರ್ಮಾಮೀಟರೂ ಇದೆ: ಜ್ವರ 100.4 ಡಿಗ್ರಿ ಮುಟ್ಟಿದರೆ, ನಡುರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಬೇಕು.