ಸಮವಸ್ತ್ರ ಕಳಚಿದ ಮೇಲೆ ಮನೆಯಿಲ್ಲದವರು: ಅಮೆರಿಕದ ಮಾಜಿ ಸೈನಿಕರಿಗೆ ಸರಕಾರ ಏನು ಮಾಡುತ್ತಿದೆ?

ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲು ಹೋಗಿ ಬಂದ ನಮ್ಮ ಹಿರಿಯರು ಅಲ್ಲಿನ ದೊಡ್ಡ ರಸ್ತೆ, ದೊಡ್ಡ ಅಂಗಡಿಗಳ ಬಗ್ಗೆ ಹೇಳುವಾಗ ಇನ್ನೊಂದು ವಿಷಯವನ್ನೂ ಹೇಳುವುದುಂಟು. ಸಿಗ್ನಲ್ ಬಳಿ ರಟ್ಟಿನ ತುಂಡು ಹಿಡಿದು ನಿಂತ ಮುದುಕ, ಅದರ ಮೇಲೆ 'ನಾನು ಮಾಜಿ ಸೈನಿಕ, ಮನೆಯಿಲ್ಲ, ಸಹಾಯ ಮಾಡಿ' ಎಂಬ ಬರಹ. ಜಗತ್ತಿನಲ್ಲೇ ಅತಿ ಹೆಚ್ಚು ಹಣವನ್ನು ಸೈನ್ಯಕ್ಕೆ ಸುರಿಯುವ ದೇಶದಲ್ಲಿ ಸೈನಿಕನಿಗೆ ಹೀಗೇಕಾಯಿತು? ಸರಕಾರ ಸುಮ್ಮನಿದೆಯೇ? ಈ ಪ್ರಶ್ನೆಗಳಿಗೆ ಉತ್ತರವನ್ನು ನಾವು ಇಲ್ಲಿ ಸರಳವಾಗಿ ತಿಳಿದುಕೊಳ್ಳೋಣ.

ಸಮಸ್ಯೆ ಎಲ್ಲಿಂದ ಬಂತು?

ಎರಡನೇ ಮಹಾಯುದ್ಧದಿಂದ ಹಿಂದಿರುಗಿದವರಿಗೆ 1944ರ ಜಿ.ಐ. ಕಾಯಿದೆ ಕಾಲೇಜು ಶಿಕ್ಷಣವನ್ನೂ ಮನೆ ಕಟ್ಟಲು ಸಾಲವನ್ನೂ ಕೊಟ್ಟಿತು. ಲಕ್ಷಾಂತರ ಕುಟುಂಬಗಳು ಅದರಿಂದ ನೆಲೆ ಕಂಡವು. ಆದರೆ 1975ರಲ್ಲಿ ಮುಗಿದ ವಿಯೆಟ್ನಾಂ ಯುದ್ಧದಿಂದ ಬಂದವರ ಕತೆ ಬೇರೆಯಾಯಿತು. ಯುದ್ಧದ ಆಘಾತದಿಂದ ಮನಸ್ಸಿಗೆ ಆಗುವ ಗಾಯವನ್ನು ಅಮೆರಿಕದ ಮನೋವೈದ್ಯರ ಸಂಘ ಒಂದು ಕಾಯಿಲೆಯೆಂದು ತನ್ನ ಪಟ್ಟಿಗೆ ಸೇರಿಸಿದ್ದೇ 1980ರಲ್ಲಿ. ಅಷ್ಟರೊಳಗೆ ಅನೇಕರು ನಿದ್ದೆಗೆಟ್ಟು, ಕುಡಿತಕ್ಕೆ, ಮಾದಕ ವಸ್ತುಗಳಿಗೆ ಬಲಿಯಾಗಿ, ಕೆಲಸ ಕಳೆದುಕೊಂಡು, ಮನೆಯವರಿಂದ ದೂರವಾಗಿದ್ದರು. ಮುಂದೆ ಇರಾಕ್, ಅಫ್ಘಾನಿಸ್ತಾನದಿಂದ ಬಂದವರಲ್ಲೂ ಕೆಲವರು ಇದೇ ದಾರಿ ಹಿಡಿದರು. ಇದರೊಂದಿಗೆ ನಗರಗಳಲ್ಲಿ ಬಾಡಿಗೆ ಏರಿತು. ರೋಗ, ಒಂಟಿತನ, ಬಡತನ ಈ ಮೂರೂ ಸೇರಿದಲ್ಲಿ ಮನುಷ್ಯ ಬೀದಿಗೆ ಬೀಳಲು ಹೆಚ್ಚು ದಿನ ಬೇಡ.

1988ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ನಗರದಲ್ಲಿ ವಿಯೆಟ್ನಾಂ ಯೋಧರೇ ಸೇರಿ 'ಸ್ಟ್ಯಾಂಡ್ ಡೌನ್' ಎಂಬ ಶಿಬಿರ ನಡೆಸಿದರು. ಯುದ್ಧಭೂಮಿಯಲ್ಲಿ ಸೈನಿಕರನ್ನು ಸ್ವಲ್ಪ ದಿನ ವಿಶ್ರಾಂತಿಗೆ ಹಿಂದಕ್ಕೆ ಕರೆಸುವುದಕ್ಕೆ ಈ ಹೆಸರಿದೆ. ಬೀದಿಯಲ್ಲಿದ್ದ ಮಾಜಿ ಸೈನಿಕರಿಗೆ ಊಟ, ಸ್ನಾನ, ಬಟ್ಟೆ, ವೈದ್ಯರ ಭೇಟಿ, ವಕೀಲರ ಸಲಹೆ ಎಲ್ಲವೂ ಒಂದೇ ಕಡೆ ಸಿಗುವಂತೆ ಮಾಡಿದ ಈ ಶಿಬಿರಗಳು ಇಂದಿಗೂ ಹಲವು ನಗರಗಳಲ್ಲಿ ನಡೆಯುತ್ತಿವೆ.

ಮುಖ್ಯ ಯೋಜನೆಗಳು

ಮಾಜಿ ಸೈನಿಕರ ವ್ಯವಹಾರಗಳನ್ನು ನೋಡಿಕೊಳ್ಳುವ ಕೇಂದ್ರ ಇಲಾಖೆಯನ್ನು ಅಲ್ಲಿ ಚಿಕ್ಕದಾಗಿ ವಿ.ಎ. ಎನ್ನುತ್ತಾರೆ. ವಸತಿ ಇಲಾಖೆಗೆ 'ಹಡ್' ಎಂದು ಹೆಸರು. ಇವೆರಡೂ ಸೇರಿ ನಡೆಸುವ 'ಹಡ್-ವಾಶ್' ಯೋಜನೆಯೇ ಇಂದು ಎಲ್ಲಕ್ಕಿಂತ ಮುಖ್ಯವಾದುದು. 1992ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಇದು 2008ರಿಂದ ದೊಡ್ಡ ಪ್ರಮಾಣದಲ್ಲಿ ಬೆಳೆಯಿತು. ಅಲ್ಲಿಂದೀಚೆಗೆ ಒಂದು ಲಕ್ಷಕ್ಕೂ ಹೆಚ್ಚು ವೋಚರುಗಳನ್ನು ಮಂಜೂರು ಮಾಡಲಾಗಿದೆ.

ಇದು ನಡೆಯುವುದು ಹೀಗೆ. ವೋಚರು ಪಡೆದ ಮಾಜಿ ಸೈನಿಕ ಖಾಸಗಿ ಮಾಲಿಕರಿಂದ ಬಾಡಿಗೆ ಮನೆ ಹುಡುಕಿಕೊಳ್ಳುತ್ತಾನೆ. ತನ್ನ ಆದಾಯದ ಸುಮಾರು ಶೇ. 30ರಷ್ಟನ್ನು ಅವನು ಕೊಡಬೇಕು. ಉಳಿದುದನ್ನು, ಆ ಊರಿಗೆ ಗೊತ್ತುಪಡಿಸಿದ ಮಿತಿಯೊಳಗೆ, ಸ್ಥಳೀಯ ವಸತಿ ಪ್ರಾಧಿಕಾರ ನೇರವಾಗಿ ಮಾಲಿಕರಿಗೆ ಕೊಡುತ್ತದೆ. ಉದಾಹರಣೆಗೆ ಲೆಕ್ಕಕ್ಕೆ ಹಿಡಿಯುವ ಆದಾಯ ತಿಂಗಳಿಗೆ 1,000 ಡಾಲರ್, ಬಾಡಿಗೆ 1,500 ಡಾಲರ್ ಎಂದಿಟ್ಟುಕೊಳ್ಳಿ. ಅವನ ಪಾಲು 300, ಸರಕಾರದ ಪಾಲು 1,200. ಇಷ್ಟೇ ಆಗಿದ್ದರೆ ಇದೊಂದು ಬಾಡಿಗೆ ಸಹಾಯ ಮಾತ್ರ ಆಗುತ್ತಿತ್ತು. ಆದರೆ ಇದರೊಂದಿಗೆ ವಿ.ಎ. ಕಡೆಯಿಂದ ಒಬ್ಬ ಸಮಾಜ ಕಾರ್ಯಕರ್ತ ಆತನ ಜೊತೆಗಿದ್ದು, ಆಸ್ಪತ್ರೆ, ಔಷಧ, ಕುಡಿತ ಬಿಡಿಸುವ ಚಿಕಿತ್ಸೆ, ಪಿಂಚಣಿಯ ಅರ್ಜಿ ಎಲ್ಲದರಲ್ಲೂ ನೆರವಾಗುತ್ತಾನೆ. ಮನೆ ಕೊಟ್ಟು ಕೈಬಿಟ್ಟರೆ ಮನೆ ಉಳಿಯುವುದಿಲ್ಲ ಎಂಬುದು ಅನುಭವದ ಪಾಠ.

ಎರಡನೆಯದು ಮಾಜಿ ಸೈನಿಕರ ಕುಟುಂಬಗಳಿಗೆ ಬೆಂಬಲ ಸೇವೆಯ ಯೋಜನೆ. 2008ರ ಕಾನೂನಿನಂತೆ ರೂಪುಗೊಂಡು, 2011ರಲ್ಲಿ ಮೊದಲ ಅನುದಾನ ನೀಡಿತು. ಇಲ್ಲಿ ಸರಕಾರ ಸೇವಾ ಸಂಸ್ಥೆಗಳಿಗೆ ಹಣ ಕೊಡುತ್ತದೆ. ಬಾಕಿ ಬಾಡಿಗೆ, ಮುಂಗಡ ಠೇವಣಿ, ಕರೆಂಟು ಬಿಲ್ಲು, ಸಾಮಾನು ಸಾಗಿಸುವ ಖರ್ಚು ಮುಂತಾದುವನ್ನು ಆ ಸಂಸ್ಥೆಗಳು ಭರಿಸುತ್ತವೆ. ಬೀದಿಗೆ ಬಿದ್ದ ಮೇಲೆ ಎತ್ತುವುದಕ್ಕಿಂತ ಬೀಳುವ ಮೊದಲೇ ಹಿಡಿಯುವುದು ಇದರ ಉದ್ದೇಶ. ಅಮೆರಿಕದ ಹಲವು ಧರ್ಮಪ್ರಾಂತ್ಯಗಳ ಕಥೊಲಿಕ್ ಚಾರಿಟೀಸ್ ಸಂಸ್ಥೆಗಳು ಈ ಅನುದಾನ ಪಡೆದು ಕೆಲಸ ಮಾಡುತ್ತಿವೆ. ಸಹಾಯ ಪಡೆಯಲು ಮತ ಧರ್ಮದ ಪ್ರಶ್ನೆ ಇಲ್ಲ.

ಮೂರನೆಯದು ತಾತ್ಕಾಲಿಕ ವಸತಿ. 1994ರಿಂದ ನಡೆಯುತ್ತಿರುವ ಈ ಯೋಜನೆಯಲ್ಲಿ ಸೇವಾ ಸಂಸ್ಥೆಗಳು ನಡೆಸುವ ಆಶ್ರಯಧಾಮಗಳಿಗೆ ಒಬ್ಬ ಯೋಧನಿಗೆ ದಿನಕ್ಕೆ ಇಂತಿಷ್ಟು ಎಂದು ವಿ.ಎ. ಹಣ ಕೊಡುತ್ತದೆ. ಸಾಮಾನ್ಯವಾಗಿ 24 ತಿಂಗಳವರೆಗೆ ಅಲ್ಲಿರಬಹುದು.

ಮೊದಲು ಮನೆ, ಆಮೇಲೆ ಉಳಿದದ್ದು

ಹಿಂದೆ 'ಮೊದಲು ಕುಡಿತ ಬಿಡು, ಆಮೇಲೆ ಮನೆ' ಎಂಬ ಷರತ್ತು ಸಾಮಾನ್ಯವಾಗಿತ್ತು. ಬೀದಿಯಲ್ಲಿ ಮಲಗುವವನು ಕುಡಿತ ಬಿಡುವುದು ಹೇಗೆ? ಆದ್ದರಿಂದ 2012ರ ಹೊತ್ತಿಗೆ ಹಡ್-ವಾಶ್ ಯೋಜನೆ 'ಮೊದಲು ಮನೆ' ಎಂಬ ನೀತಿಯನ್ನು ಒಪ್ಪಿಕೊಂಡಿತು. ಬೀಗದ ಕೈ ಮೊದಲು, ಚಿಕಿತ್ಸೆ ಜೊತೆಯಲ್ಲಿ.

ಇದರ ಫಲವನ್ನು ಅಂಕಿಗಳು ಹೇಳುತ್ತವೆ. ಪ್ರತಿ ವರ್ಷ ಜನವರಿಯ ಕೊನೆಯಲ್ಲಿ ಒಂದು ರಾತ್ರಿ ಸ್ವಯಂಸೇವಕರು ಟಾರ್ಚು ಹಿಡಿದು ಸೇತುವೆಯಡಿ, ಪಾರ್ಕು, ಆಶ್ರಯಧಾಮಗಳಲ್ಲಿ ಮನೆಯಿಲ್ಲದವರನ್ನು ಎಣಿಸುತ್ತಾರೆ. 2010ರಲ್ಲಿ ಸುಮಾರು 74,000 ಮಾಜಿ ಸೈನಿಕರು ಲೆಕ್ಕಕ್ಕೆ ಸಿಕ್ಕಿದ್ದರು. 2024ರಲ್ಲಿ ಸಿಕ್ಕವರು 32,882. ಅದೇ 2024ರಲ್ಲಿ ದೇಶದ ಒಟ್ಟು ಮನೆಯಿಲ್ಲದವರ ಸಂಖ್ಯೆ 7,70,000 ದಾಟಿ ದಾಖಲೆಯನ್ನೇ ಮಾಡಿತ್ತು. ಎಲ್ಲರ ಸಂಖ್ಯೆ ಏರುತ್ತಿರುವಾಗ ಒಂದು ಗುಂಪಿನದ್ದು ಮಾತ್ರ ಇಳಿಯಿತು ಎಂದರೆ, ಹಣವೂ ಮನಸ್ಸೂ ಇದ್ದಲ್ಲಿ ಇದು ಸಾಧ್ಯ ಎಂದೇ ಅರ್ಥ.

2005ರ ಕತ್ರಿನಾ ಚಂಡಮಾರುತದಿಂದ ನಲುಗಿದ್ದ ನ್ಯೂ ಆರ್ಲಿಯನ್ಸ್ ನಗರ 2014ರಲ್ಲಿ 227 ಮಾಜಿ ಸೈನಿಕರಿಗೆ ಮನೆ ಒದಗಿಸಿತು. 2015ರ ಜನವರಿಯಲ್ಲಿ ಇನ್ನು ನಮ್ಮಲ್ಲಿ ಬೀದಿಯಲ್ಲಿ ಉಳಿದ ಯೋಧರಿಲ್ಲ ಎಂದು ಘೋಷಿಸಿತು. ಹೊಸದಾಗಿ ಯಾರೂ ಮನೆ ಕಳೆದುಕೊಳ್ಳುವುದೇ ಇಲ್ಲ ಎಂದು ಇದರ ಅರ್ಥವಲ್ಲ. ಕಳೆದುಕೊಂಡವರಿಗೆ ಬೇಗನೆ ಮನೆ ಸಿಗುವ ವ್ಯವಸ್ಥೆ ಸಿದ್ಧವಿದೆ ಎಂದರ್ಥ.

ತೊಡಕುಗಳು

ಹಾಗಾದರೆ ಇನ್ನೂ 30 ಸಾವಿರಕ್ಕೂ ಹೆಚ್ಚು ಮಂದಿ ಹೊರಗೆ ಉಳಿದದ್ದೇಕೆ? ಮೊದಲ ಕಾರಣ, ವೋಚರು ಕೈಯಲ್ಲಿದ್ದರೂ ಮನೆ ಸಿಗುವುದಿಲ್ಲ. ಬಾಡಿಗೆ ದುಬಾರಿಯಾದ ನಗರಗಳಲ್ಲಿ ಅನೇಕ ಮಾಲಿಕರು ವೋಚರು ಎಂದ ಕೂಡಲೇ ಬಾಗಿಲು ಹಾಕುತ್ತಾರೆ. ಎರಡನೆಯದು ಕಾಗದಪತ್ರ. ಸೈನ್ಯದಿಂದ ಬಿಡುಗಡೆಯಾದ ಪತ್ರಕ್ಕೆ ಅಲ್ಲಿ ಡಿಡಿ-214 ಎನ್ನುತ್ತಾರೆ. ಬೀದಿಯಲ್ಲಿ ಬದುಕುವವನ ಚೀಲ ಕಳೆದರೆ ಅದೂ ಕಳೆದಂತೆ. ಶಿಸ್ತಿನ ಕಾರಣದಿಂದ ಗೌರವವಿಲ್ಲದೆ ಬಿಡುಗಡೆಗೊಂಡವರಿಗೆ ಬಹುಕಾಲ ಹಡ್-ವಾಶ್ ಬಾಗಿಲು ಮುಚ್ಚಿತ್ತು. 2021ರಲ್ಲಿ ಜಾರಿಗೆ ಬಂದ ಕಾನೂನು ಅವರಲ್ಲಿ ಹಲವರಿಗೆ ಅದನ್ನು ತೆರೆಯಿತು.

ಮೂರನೆಯದು ವಿಚಿತ್ರವಾದದ್ದು. ಯುದ್ಧದಲ್ಲಿ ಹೆಚ್ಚು ಅಂಗವಿಕಲನಾದವನಿಗೆ ಹೆಚ್ಚು ಪರಿಹಾರ ಧನ ಸಿಗುತ್ತದೆ. ಅದನ್ನು ಆದಾಯವೆಂದು ಎಣಿಸಿದಾಗ ಮಿತಿ ಮೀರಿ, ಹೆಚ್ಚು ಗಾಯಗೊಂಡವನೇ ಮನೆಗೆ ಅನರ್ಹನಾಗುತ್ತಿದ್ದ! 2024ರ ಆಗಸ್ಟಿನಲ್ಲಿ ವಸತಿ ಇಲಾಖೆ ಈ ನಿಯಮವನ್ನು ಬದಲಿಸಿ, ಅರ್ಹತೆ ನೋಡುವಾಗ ಈ ಪರಿಹಾರವನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದಿತು.

ಲಾಸ್ ಏಂಜಲೀಸ್ ನೆಲದ ಕತೆ

1888ರಲ್ಲಿ ಲಾಸ್ ಏಂಜಲೀಸಿನಲ್ಲಿ ಅರ್ಕಾಡಿಯಾ ಬಂದಿನಿ ದೆ ಬೇಕರ್ ಎಂಬ ಮಹಿಳೆ ಮತ್ತು ಸೆನೆಟರ್ ಜಾನ್ ಪಿ. ಜೋನ್ಸ್ ಯೋಧರ ವಸತಿಗೆಂದು ಜಮೀನು ದಾನ ಮಾಡಿದರು. ಇಂದು ಉಳಿದಿರುವುದು ಸುಮಾರು 388 ಎಕರೆ. ಕಾಲಾನಂತರ ಅದರ ಭಾಗಗಳು ಬೇಸ್‌ಬಾಲ್ ಮೈದಾನ, ಖಾಸಗಿ ಶಾಲೆ ಮುಂತಾದುವಕ್ಕೆ ಗೇಣಿಗೆ ಹೋದವು. ಅದೇ ಜಮೀನಿನ ಬೇಲಿಯ ಹೊರಗೆ, ಕಾಲುದಾರಿಯಲ್ಲಿ, ಮಾಜಿ ಸೈನಿಕರು ಡೇರೆಗಳಿಗೆ ರಾಷ್ಟ್ರಧ್ವಜ ಕಟ್ಟಿಕೊಂಡು ಮಲಗಿದರು. 2021ರ ನವೆಂಬರಿನಲ್ಲಿ ಆ ಡೇರೆಗಳನ್ನು ತೆರವು ಮಾಡಲಾಯಿತು. ಯೋಧರು ನ್ಯಾಯಾಲಯಕ್ಕೆ ಹೋದರು. 2024ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶ ಡೇವಿಡ್ ಕಾರ್ಟರ್, ಅಲ್ಲಿ 1,800 ಶಾಶ್ವತ ಮತ್ತು 750 ತಾತ್ಕಾಲಿಕ ಮನೆಗಳನ್ನು ಕಟ್ಟಬೇಕೆಂದು ತೀರ್ಪಿತ್ತರು. ಸರಕಾರ ಮೇಲ್ಮನವಿ ಸಲ್ಲಿಸಿತು. 2025ರ ಮೇಯಲ್ಲಿ ಅಧ್ಯಕ್ಷ ಟ್ರಂಪ್ ಅದೇ ನೆಲದಲ್ಲಿ 2028ರ ಆರಂಭದೊಳಗೆ 6,000 ಮಂದಿಗೆ ವಸತಿ ಕಲ್ಪಿಸುವ ಆದೇಶಕ್ಕೆ ಸಹಿ ಹಾಕಿದರು. ಆದರೆ 2025ರ ಜುಲೈಯ ಇನ್ನೊಂದು ಆದೇಶ 'ಮೊದಲು ಮನೆ' ನೀತಿಗೆ ಕೇಂದ್ರದ ಬೆಂಬಲ ನಿಲ್ಲಬೇಕೆಂದು ಹೇಳಿತು. ಸಂಖ್ಯೆಯನ್ನು ಅರ್ಧಕ್ಕಿಂತ ಕೆಳಗಿಳಿಸಿದ ದಾರಿಯನ್ನೇ ಬಿಟ್ಟರೆ ಮುಂದೇನು ಎಂಬ ಚಿಂತೆ ಈ ಕ್ಷೇತ್ರದಲ್ಲಿ ದುಡಿಯುವವರದ್ದು.

ನಾವು ಏನು ಮಾಡಬಹುದು?

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಓದುಗರಿಗೆ ಒಂದು ಮಾತು. ಇಂತಹವರು ಕಂಡಾಗ ಒಂದು ಡಾಲರ್ ಕೊಟ್ಟು ಮುಂದೆ ಹೋಗುವುದರ ಜೊತೆಗೆ ಇನ್ನೂ ಒಂದು ಕೆಲಸ ಮಾಡಬಹುದು. ಮನೆಯಿಲ್ಲದ ಮಾಜಿ ಸೈನಿಕರಿಗಾಗಿ ವಿ.ಎ. ಹಗಲೂ ರಾತ್ರಿಯೂ ಉಚಿತ ದೂರವಾಣಿ ಸೇವೆ ನಡೆಸುತ್ತದೆ. ಅಲ್ಲಿಗೆ ಯೋಧನೇ ಕರೆ ಮಾಡಬೇಕೆಂದಿಲ್ಲ, ಅವನ ಪರವಾಗಿ ಬೇರೆಯವರೂ ಮಾಡಬಹುದು. ಹತ್ತಿರದ ವಿ.ಎ. ಆಸ್ಪತ್ರೆಗೆ ಕರೆದುಕೊಂಡು ಹೋದರೂ ದಾರಿ ತೆರೆಯುತ್ತದೆ.

ಸೈನಿಕನನ್ನು ಗಡಿಗೆ ಕಳುಹಿಸುವಾಗ ಬ್ಯಾಂಡು ಬಾರಿಸುವುದು ಸುಲಭ. ಅವನು ಹಿಂದಿರುಗಿದ ಮೂವತ್ತು ವರ್ಷಗಳ ನಂತರ ಅವನ ಬಾಗಿಲು ತಟ್ಟಿ 'ಔಷಧ ತೆಗೆದುಕೊಂಡಿರಾ?' ಎಂದು ಕೇಳುವವರು ಬೇಕು. ಈ ಯೋಜನೆಗಳು ಗೆದ್ದಲ್ಲೆಲ್ಲ ಗೆದ್ದದ್ದು ಬಾಡಿಗೆಯ ಹಣದ ಜೊತೆಗೆ ಅಂತಹ ಒಬ್ಬರು ಇದ್ದುದರಿಂದ.